ವೃದ್ಧಾಶ್ರಮಕ್ಕೆ ನಾಯಕತ್ವ ಬಂದ ದಿನ

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮದ್ದೂರು–ಮಳವಳ್ಳಿ ರಸ್ತೆಯಲ್ಲಿದ್ದ ಒಂದು ವೃದ್ಧಾಶ್ರಮಕ್ಕೆ ಮೇಲ್ವಿಚಾರಕಿಯಾಗಿ ಸೇರಿಕೊಂಡೆ. ಅದು ಮೊದಲು ಮದುವೆ ಛತ್ರವಾಗಿತ್ತು. ಜನ ಏಸಿ ಇರುವ ಹೊಸ ಛತ್ರಗಳ ಕಡೆ ಹೋದಾಗ ಯಜಮಾನರು ಹಾಲ್ ತುಂಬ ಮಂಚ ಹಾಕಿಸಿದರು, ವಧುವಿನ ಕೋಣೆಯನ್ನು ಔಷಧಿಯ ಕೋಣೆ ಮಾಡಿದರು, ಬೋರ್ಡು ಬದಲಿಸಿದರು. ಮದುವೆಯ ವೇದಿಕೆ ಮಾತ್ರ ಹಾಗೇ ಉಳಿಯಿತು. ಅದರ ಮೇಲೆ ಅವರ ಮೇಜು, ಕುರ್ಚಿ.

"ವೃದ್ಧಾಶ್ರಮ ಅನ್ನಬೇಡಿ ಸಿಸ್ಟರ್, ಹಿರಿಯರ ವಸತಿ ಅನ್ನಿ," ಎಂದು ನನ್ನನ್ನು ತಿದ್ದುತ್ತಿದ್ದರು. "ಆಶ್ರಮ ಅಂದ್ರೆ ಜನ ಬಾಳೆಹಣ್ಣು ತಂದು ಹಂಚಿ, ಫೋಟೋ ತೆಗೆಸ್ಕೊಂಡು ಹೋಗ್ತಾರೆ."

ಇದ್ದ ಹಿರಿಯರು ಇಪ್ಪತ್ತಾರು ಮಂದಿ, ನೋಡಿಕೊಳ್ಳಲು ಆಯಾಗಳು ನಾಲ್ವರು. ಅವರಲ್ಲಿ ಹಳಬಳು ಬಂಡೂರು ಕಡೆಯವಳು. ಐವತ್ತು ದಾಟಿದ್ದರೂ ಎಂಥ ಭಾರದವರನ್ನೂ ಮಗ್ಗುಲಾಗಿಸುತ್ತಿದ್ದಳು, ಆಮೇಲೆ ಗೋಡೆಗೆ ಒರಗಿ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಇನ್ನಿಬ್ಬರು ಆಯಾಗಳು ಬೇಕೆಂದು ನಾನು ವರ್ಷದಿಂದ ಕೇಳುತ್ತಿದ್ದೆ. ಯಜಮಾನರು ಒಬ್ಬರನ್ನು ತಂದೇಬಿಟ್ಟರು. ಆದರೆ ಅವರು ಮೈಸೂರಿನ ಮಾರ್ಕೆಟಿಂಗ್ ಮ್ಯಾನೇಜರ್.

ಮ್ಯಾನೇಜರ್ ಬಂದ ಮೊದಲ ದಿನವೇ ಹಾಲಿನಲ್ಲಿ ಒಂದು ಸುತ್ತು ಹಾಕಿ, ಬೇಸರದಿಂದ ಹೇಳಿದರು: "ಕರಪತ್ರದ ಫೋಟೋಗೆ ಇವರು ಸ್ವಲ್ಪ ವಯಸ್ಸಾದ ಹಾಗೆ ಕಾಣ್ತಾರೆ."

ಮಾರನೆಯ ವಾರ ಕೂದಲಿಗೆ ಬಣ್ಣ ಹಚ್ಚಿದ, ಹಲ್ಲು ಸಾಲಾಗಿದ್ದ ದಂಪತಿಗಳನ್ನು ಕಾರಿನಲ್ಲಿ ಕರೆತಂದು ಕೇರಂ ಆಡಿಸಿ ಫೋಟೋ ತೆಗೆಸಿದರು. ನಮ್ಮ ಹಿರಿಯರು ಸುತ್ತ ಕೂತು ನೋಡಿದರು. ಒಬ್ಬ ತಾತ ಆ ಗಂಡಸನ್ನು ಕರೆದು, "ನಿಮ್ಗೆ ಯಾವ ಮಂಚ ಕೊಟ್ಟವ್ರೆ? ಫ್ಯಾನಿನ ಕೆಳಗಡೇದು ಕೇಳಿ ಇಸ್ಕಳಿ," ಎಂದು ಕಿವಿಮಾತು ಹೇಳಿದ.

ಕರಪತ್ರ ಅಚ್ಚಾಗಿ ಬಂದಾಗ ಅದರಲ್ಲಿ 'ನಾಯಕತ್ವ ತರಬೇತಿ ಪಡೆದ ಸಿಬ್ಬಂದಿ' ಎಂಬ ಸಾಲಿತ್ತು. ಅಚ್ಚಾಗಿಹೋಗಿದೆಯಲ್ಲ, ಇನ್ನು ತರಬೇತಿ ಕೊಡಿಸಲೇಬೇಕು. ಎಲ್ಲರೂ ಒಂದು ದಿನ ಮಂಡ್ಯದ ಹೋಟೆಲಿಗೆ ಬರಬೇಕೆಂದು ಯಜಮಾನರು ಅಪ್ಪಣೆ ಮಾಡಿದರು.

"ನಾ ಬರಾಕಿಲ್ಲ ಸಾ," ಎಂದಳು ಹಳೆಯ ಆಯಾ. "ಮೂಲೆ ಮಂಚದ ಅಜ್ಜಿ ನನ್ ಕೈಲಲ್ದೆ ಉಣ್ಣಾಕಿಲ್ಲ."

"ಹೀಗಾದ್ರೆ ನೀನು ಲೀಡರ್ ಆಗೋದು ಯಾವಾಗ?"

"ನಂಗ್ಯಾಕೆ ಲೀಡ್ರು ಬುಡಿ. ಎತ್ತಾಕೆ ಇನ್ನೊಂದು ಜೊತೆ ಕೈ ಕೊಡಿ, ಸಾಕು."

ಅವಳನ್ನೂ, ಯಾರಾದರೂ ವಿಚಾರಿಸಲು ಬಂದರೆ ಇರಲೆಂದು ಮ್ಯಾನೇಜರನ್ನೂ ಬಿಟ್ಟು ನಾವು ಹೊರಟೆವು. ನಾನು ತಡೆಯಬಹುದಿತ್ತು, ತಡೆಯಲಿಲ್ಲ.

ಹೋಟೆಲಿನಲ್ಲಿ ತರಬೇತುದಾರರು, ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದರೆ ತಂಡ ಹಿಡಿಯುತ್ತದೆ, ಅದೇ ನಂಬಿಕೆ ಎಂದರು. ತಾವೇ ಬಿದ್ದು ತೋರಿಸಿದರು. ನಮ್ಮ ಆಯಾಗಳಿಗೆ ಅದು ದಿನಾ ಇದ್ದದ್ದೇ. ಒಬ್ಬಳು ಕಂಕುಳಿಗೆ ಕೈ ಕೊಟ್ಟು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅಭ್ಯಾಸಬಲದಿಂದ ಷರ್ಟಿನ ಗುಂಡಿಯನ್ನೂ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಷ್ಟು ಹೊತ್ತಿಗೆ ಅಜ್ಜಿಯನ್ನು ಯಾರು ಎತ್ತುತ್ತಿರಬಹುದು ಎಂಬ ಯೋಚನೆ ಮಾತ್ರ ಬಿಡಲಿಲ್ಲ.

ಎತ್ತಿದ್ದು ಮ್ಯಾನೇಜರ್. ಆಮೇಲೆ ಅವರೇ ನನಗೆ ಹೇಳಿದರು. ಆಯಾ ಕೂಗಿ, "ಸ್ವಾಮಿ, ಆ ಮಗ್ಗುಲು ವಸಿ ಇಡ್ಕಳಿ," ಎಂದಳಂತೆ. ಅಲ್ಲಿಂದ ಬಟ್ಟೆ ಬದಲಿಸುವುದು, ಬೆಡ್‌ಪ್ಯಾನು, ಊಟ ಎಲ್ಲ ಆಯಿತು. ಅವರು ಒಬ್ಬ ತಾತನಿಗೆ ಅನ್ನ ತಿನ್ನಿಸುತ್ತಿದ್ದಾಗ ಮಂಡ್ಯದ ಉಪನ್ಯಾಸಕಿಯೊಬ್ಬರು ತಮ್ಮ ತಾಯಿಗೆ ಜಾಗ ನೋಡಲು ಹೇಳದೆ ಕೇಳದೆ ಬಂದುಬಿಟ್ಟರು. ಮ್ಯಾನೇಜರ್ ಕೈ ತೊಳೆದುಕೊಂಡು ಕರಪತ್ರ ತರುವಷ್ಟರಲ್ಲಿ ಆಕೆ, ಒಂದು ಹೊತ್ತಿಗೆ ಎಷ್ಟು ಜನ ಕೆಲಸಕ್ಕಿರುತ್ತೀರಿ ಎಂದು ಆಯಾಳನ್ನೇ ಕೇಳಿದ್ದರು.

"ಇಬ್ರು ಕಣವ್ವ. ಇವತ್ತು ನಾನೊಬ್ಳೆಯ. ಇವ್ರು ಪಾಂಪ್ಲೆಟ್ ನೋಡ್ಕೊಳೋರು, ಆದ್ರೂವೆ ಪಾಪ ಕೈ ಆಕವ್ರೆ."

ಆಕೆ, ಮೂಲೆ ಮಂಚದ ಅಜ್ಜಿ ಊಟ ಮುಗಿಸುವವರೆಗೂ ನಿಂತು ನೋಡಿ ಹೋದರಂತೆ.

ಮಾರನೆಯ ದಿನ, ವಿಷಯ ಕಿವಿಗೆ ಬಿದ್ದು, ಯಜಮಾನರು ವೇದಿಕೆಯ ಮೇಲಿಂದ ಆಯಾಳನ್ನು ವಿಚಾರಣೆ ಮಾಡಿದರು. "ಬಂದವರ ಹತ್ತಿರ ಇದನ್ನೆಲ್ಲ ಹೇಳು ಅಂತ ನಿನಗೆ ಹೇಳಿದ್ದು ಯಾರು?"

"ಆಯಮ್ಮ ಕೇಳುದ್ರು, ಏಳ್ದೆ."

ನಾಳೆಯಿಂದ ಬರಬೇಡ ಎಂದರು. ನಾನು ಔಷಧಿಯ ಪಟ್ಟಿಯನ್ನು ನೋಡುತ್ತ ನಿಂತಿದ್ದೆ. ಮಾತಾಡಿದವರು ಮ್ಯಾನೇಜರ್: "ಸಾರ್, ಒಂದು ಹೊತ್ತು ಎತ್ತಿದ್ದಕ್ಕೇ ನನ್ನ ಸೊಂಟ ಹೋಗಿದೆ. ಇವರು ಹೋದ್ರೆ ನಾನೂ ಹೋಗ್ತೀನಿ." ಆಗ ನನಗೂ ಬಾಯಿ ಬಂತು. ನಾನೂ ಹೋಗುತ್ತೇನೆ ಎಂದೆ. ಎರಡನೆಯವಳಾಗಿ ಹೇಳುವುದು ಸುಲಭ. ಯಜಮಾನರು ಫೋನ್ ಬಂದವರಂತೆ ಎದ್ದು ಹೊರಗೆ ಹೋದರು. ಮಾರನೆಯ ದಿನ ಆಯಾ ಎಂದಿನಂತೆ ಕೆಲಸಕ್ಕೆ ಬಂದಳು.

ವಾರ ಕಳೆದ ಮೇಲೆ ಉಪನ್ಯಾಸಕಿ ನಿಜವಾಗಿಯೂ ಫೋನ್ ಮಾಡಿದರು. ನಿಜ ಹೇಳುವವಳೊಬ್ಬಳಿರುವ ಜಾಗಕ್ಕೇ ತಾಯಿಯನ್ನು ಬಿಡುತ್ತೇನೆ, ಆದರೆ ಇನ್ನಿಬ್ಬರು ಆಯಾಗಳನ್ನು ತೆಗೆದುಕೊಂಡ ಮೇಲೆ ಎಂದರು. ನಾನು ವರ್ಷವಿಡೀ ಕೇಳಿದ್ದು ಮೂರು ದಿನದಲ್ಲಿ ಆಯಿತು. ಮುಂದಿನ ಕರಪತ್ರದಲ್ಲಿ 'ನಾಯಕತ್ವ ತರಬೇತಿಯ ಫಲವಾಗಿ ಸಿಬ್ಬಂದಿ ಹೆಚ್ಚಳ' ಎಂದು ಬಂತು.

ಹೊಸಬರಲ್ಲಿ ಒಬ್ಬಳು ಯಲಿಯೂರಿನವಳು, ಇನ್ನೊಬ್ಬಳು ಬಸರಾಳಿನವಳು. ಮೊದಲ ದಿನ ಬಸರಾಳಿನವಳು ಒಬ್ಬ ತಾತನ ಹೆಗಲಿಗೆ ನೇರ ಕೈ ಹಾಕಲು ಹೋದಳು. ಹಳೆಯ ಆಯಾ ಅವಳ ಕೈ ಹಿಡಿದು, "ಎತ್ತೋಕ್ ಮುಂಚೆ ಏಳ್ಬುಡು ಕಣಮ್ಮ, ಎತ್ತೀನಿ ಅಂತ. ಇಲ್ದಿದ್ರೆ ಎದರ್ಕೊತಾರೆ," ಎಂದಳು. ಬಸರಾಳಿನವಳು ತಾತನಿಗೆ ಹಾಗೇ ಹೇಳಿದಳು. ತಾತ ತಲೆಯಾಡಿಸಿ, ತಾನೇ ಕೈ ಚಾಚಿದ.