ದ್ವಾದಶಿಯ ದಿನದ ಉಪವಾಸ

ಕಳೆದ ವರ್ಷದ ಜುಲೈ. ಗೃಹಿಣಿಯಾಗಿ ನನಗದು ಹತ್ತೊಂಬತ್ತನೆಯ ವರ್ಷ. ಕೆಲಸದ ಜಾಗ ಬ್ರಿಸ್ಬೇನಿನ ಟೂವಾಂಗ್‌ನಲ್ಲಿರುವ ನಮ್ಮ ಬಾಡಿಗೆ ಮನೆ. ಸಂಬಳವಿಲ್ಲದ್ದು ಕೆಲಸವೇ ಅಲ್ಲ ಎನ್ನುವವರು ಇದನ್ನು ಓದಬೇಕಿಲ್ಲ. ಅಥವಾ ಅವರೇ ಓದಲಿ.

ಮಗಳ ಶಾಲೆಗೆ ರಜೆ ಎಂದು ನನ್ನ ಗಂಡ ಪ್ರಸನ್ನ ಒಂದು ಕ್ರೂಸ್ ಬುಕ್ ಮಾಡಿದರು. ಬ್ರಿಸ್ಬೇನಿನಿಂದ ಹೊರಟು, ಪೆಸಿಫಿಕ್ ದ್ವೀಪಗಳನ್ನು ನೋಡಿ, ಎಂಟು ದಿನಕ್ಕೆ ವಾಪಸ್. ಅವರ ಕಾಲೇಜಿನ ಗೆಳೆಯರಿಬ್ಬರು ಸಂಸಾರದೊಂದಿಗೆ ಬರುವವರಿದ್ದರು: ಪರ್ತ್‌ನಿಂದ ಗಿರೀಶ್, ಅಡಿಲೇಡ್‌ನಿಂದ ಇಮ್ರಾನ್. ಇಮ್ರಾನ್ ಹೆಂಡತಿ ನಫೀಸಾ ತುಮಕೂರಿನವಳು, ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್ ಆಸ್ಪತ್ರೆಯಲ್ಲಿ ಡಾಕ್ಟರ್. ಮೈಸೂರಿನಿಂದ ಬಂದು ನಮ್ಮೊಂದಿಗಿದ್ದ ಅತ್ತೆಯೂ ಹೊರಟರು. ಎಪ್ಪತ್ನಾಲ್ಕು ವರ್ಷ, ಸಕ್ಕರೆ ಕಾಯಿಲೆ, ಎರಡು ಹೊತ್ತು ಮಾತ್ರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಮಾಂಸಕ್ಕೆ ತಾಗಿದ ಸೌಟು ತಾಗಿದ್ದನ್ನಂತೂ ಮುಟ್ಟುವುದೇ ಇಲ್ಲ.

ನಾನು ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಟ್ಟಿದ್ದೆ. ಪ್ರಸನ್ನ ಎಲ್ಲವನ್ನೂ ಸೂಟ್‌ಕೇಸಿನಿಂದ ತೆಗೆದು ಹೊರಗಿಟ್ಟರು.

"ಹಡಗಲ್ಲಿ ಇಡೀ ದಿನ ಊಟ ಇರತ್ತೆ ಕಣೇ. ನಿನಗೂ ಒಂದ್ಸಲ ರಜೆ ಬೇಡ್ವಾ?"

"ಅತ್ತೆಗೆ ಏನ್ರೀ?"

"ಅಮ್ಮನ ಊಟದ್ದು ಬುಕಿಂಗ್ ಫಾರ್ಮಲ್ಲಿ ಹಾಕ್ತೀನಿ ಬಿಡು."

ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾಳೆ ಬೆಳಿಗ್ಗೆ ತಿಂಡಿಗೇನು ಎಂದು ಯೋಚಿಸದೆ ಮಲಗಿದೆ.

ಶನಿವಾರ ಸಂಜೆ ಹಡಗು ಹೊರಟಿತು. ಅದು ಹಡಗಲ್ಲ, ತೇಲುವ ಮಾಲ್. ಈಜುಕೊಳ, ಡಾನ್ಸ್ ಕ್ಲಾಸ್, ಒಂದು ಮಹಡಿ ತುಂಬ ಬಫೆ. ಮೊದಲ ರಾತ್ರಿಯೇ ನಫೀಸಾಗೆ, ಅವಳು ಮೊದಲೇ ಕೇಳಿದ್ದ ಹಲಾಲ್ ಊಟ ಮುಚ್ಚಿದ ತಟ್ಟೆಯಲ್ಲಿ ಬೇರೆಯಾಗಿ ಬಂತು. ಪ್ರಸನ್ನ ಕೆಣಕಿದರು: "ಸಮುದ್ರದಲ್ಲೂ ನಿಯಮಾನಾ ನಫೀಸಾ?" ಅವಳು ನಕ್ಕು, "ಹೊಟ್ಟೆ ಊರಲ್ಲಿ ಬಿಟ್ಟು ಬಂದಿಲ್ವಲ್ಲ ಪ್ರಸನ್ನ" ಎಂದಳು.

ಭಾನುವಾರ ಆಷಾಢದ ಏಕಾದಶಿ. ಅತ್ತೆ ಹಾಲು, ಬಾಳೆಹಣ್ಣು ತೆಗೆದುಕೊಂಡು ಡೆಕ್ಕಿನಲ್ಲಿ ಜಪಮಾಲೆ ಹಿಡಿದು ಕೂತರು. ಸರಿಯೇ. ಸೋಮವಾರ ತಿಂಡಿಗೆ ಕರೆದಾಗ, "ಇವತ್ತು ಸೋಮವಾರ ಅಲ್ವೇನೇ, ಶಿವನಿಗೆ" ಎಂದರು. ಗಿರೀಶ್ ತಟ್ಟೆ ತುಂಬಿಸಿಕೊಳ್ಳುತ್ತ, "ಆಂಟಿ ನಮ್ಮ ಪಾಲಿನ ಪುಣ್ಯಾನೂ ಸಂಪಾದಿಸ್ತಿದಾರೆ, ನಾವು ಅವರ ಪಾಲಿನ ಕೇಕ್ ತಿನ್ನೋಣ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಂಗಳವಾರ ಬೆಳಿಗ್ಗೆ ಮೊದಲ ಬಂದರು, ನುಮೇಆ. ಅತ್ತೆ "ಮಂಗಳವಾರ, ದೇವಿಗೆ" ಎಂದು ಮಾತ್ರೆ ನುಂಗಿ ಸಿದ್ಧರಾದರು. ಇಳಿಯುವ ಸಾಲು ಉದ್ದವಿತ್ತು. ಹಡಗಿನ ಹಣ್ಣು ತರಕಾರಿ ದಡಕ್ಕೆ ಒಯ್ಯುವ ಹಾಗಿಲ್ಲ. ಬಾಗಿಲಲ್ಲಿ ಚೀಲ ನೋಡುತ್ತಾರೆ. ಅತ್ತೆಯ ಕೈಚೀಲದಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಬಾಳೆಹಣ್ಣು ಸಿಕ್ಕಿತು. ಕಾವಲಿನ ಹುಡುಗಿ ತೊಟ್ಟಿ ತೋರಿಸಿದಳು. ಅತ್ತೆ ಹಣ್ಣನ್ನು ಎಸೆಯಲಿಲ್ಲ. ದೇವರ ಮುಂದೆ ಇಡುವ ಹಾಗೆ ಮೆಲ್ಲಗೆ ಇಟ್ಟರು. ಹಣ್ಣು ತಿನ್ನಬಹುದಾದ ಉಪವಾಸದಲ್ಲಿ ಅದನ್ನು ಬಚ್ಚಿಟ್ಟು ಒಯ್ಯುವುದೇಕೆ ಎಂದು ಆಗಲೂ ನನಗೆ ಹೊಳೆಯಲಿಲ್ಲ.

ಹಡಗಿನ ಮೆಟ್ಟಿಲಿಳಿದು ಧಕ್ಕೆಯ ಮೇಲೆ ಇಪ್ಪತ್ತು ಹೆಜ್ಜೆ ನಡೆದಿರಬಹುದು. ಅತ್ತೆ ನನ್ನ ತೋಳು ಹಿಡಿದರು. ಕೈ ಬೆವರಿ ತಣ್ಣಗಾಗಿತ್ತು. ಏನೋ ಹೇಳಹೋದರು, ಮಾತು ತೊದಲಿ ಕುಸಿದರು. ಮೆಟ್ಟಿಲ ಮೇಲೆ ಬೀಳಲಿಲ್ಲ, ಅದು ರಾಯರ ದಯೆ. ನಫೀಸಾ ಎರಡೇ ಹೆಜ್ಜೆ ಹಿಂದಿದ್ದಳು, ಅದೂ ರಾಯರದೇ ದಯೆ.

"ಆಂಟಿ ಬೆಳಿಗ್ಗೆ ಏನ್ ತಿಂದ್ರು?"

"ಉಪವಾಸ."

"ನಿನ್ನೆ?"

"ನಿನ್ನೇನೂ."

"ಮಾತ್ರೆ?"

"ತಗೊಂಡಿದಾರೆ" ಎಂದೆ. ಅವಳಿಗೆ ಅರ್ಥವಾಯಿತು. ಮಾತ್ರೆ ಸಕ್ಕರೆ ಇಳಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೆ ಇಳಿಯುತ್ತಲೇ ಹೋಗುತ್ತದೆ, ಕೊನೆಗೆ ಪ್ರಜ್ಞೆ, ಆಮೇಲೆ ಪ್ರಾಣ. ಅವಳು ತನ್ನ ಚೀಲದಿಂದ ಗ್ಲುಕೋಸ್ ಜೆಲ್ ತೆಗೆದು ಒಸಡಿಗೆ ಸವರಿದಳು. ಗುಟುಕರಿಸುವಂತಾದ ಮೇಲೆ ಯಾರೋ ತಂದ ಜ್ಯೂಸ್ ಕುಡಿಸಿದಳು. ಹಡಗಿನ ದವಾಖಾನೆಯ ನರ್ಸ್ ಗಾಲಿಕುರ್ಚಿ ತಂದು ರಕ್ತ ಪರೀಕ್ಷಿಸಿದಾಗ, ಅಷ್ಟಾದ ಮೇಲೂ ಸಕ್ಕರೆ ಊರಿನ ಲೆಕ್ಕದಲ್ಲಿ ಐವತ್ತನಾಲ್ಕು, ಇಲ್ಲಿನ ಲೆಕ್ಕದಲ್ಲಿ ಮೂರು. ನಾಲ್ಕಕ್ಕಿಂತ ಇಳಿಯಲೇಬಾರದು.

ಮಧ್ಯಾಹ್ನ ದವಾಖಾನೆಯಲ್ಲಿ ಅತ್ತೆ ಪೂರ್ತಿ ಕಣ್ಣು ತೆರೆದು ಮಾತಾಡಿದರು. "ಆ ಬಫೆಯವನು ಒಂದೇ ಇಕ್ಕಳದಲ್ಲಿ ಮಾಂಸಾನೂ ಮಗುಚಿ ಆಲೂಗಡ್ಡೆನೂ ಮಗುಚ್ತಿದ್ದ ಕಣೇ. ಪ್ರಸನ್ನಂಗೆ ಹೇಳ್ದೆ. ಅಡ್ಜಸ್ಟ್ ಮಾಡ್ಕೊ ಅಮ್ಮ, ಎಲ್ಲರ ಹಾಲಿಡೇ ಹಾಳಾಗತ್ತೆ ಅಂದ. ಉಪವಾಸ ಅಂದ್ಬಿಟ್ರೆ ಯಾರೂ ಏನೂ ಕೇಳಲ್ಲ."

ಆಗ ನನಗೆ ಲೆಕ್ಕ ಹೊಳೆಯಿತು. ಭಾನುವಾರ ಏಕಾದಶಿ, ಸೋಮವಾರ ದ್ವಾದಶಿ. ದ್ವಾದಶಿ ಬೆಳಿಗ್ಗೆ ಪಾರಣೆ ಮಾಡಲೇಬೇಕು; ಉಣ್ಣದಿದ್ದರೆ ಏಕಾದಶಿಯ ಫಲವೂ ಇಲ್ಲ. ಆವತ್ತು ಉಪವಾಸ ಮಾಡುವವರು ನಮ್ಮ ಮನೆಯಲ್ಲಿ ಹುಟ್ಟಿಲ್ಲ. ಇದು ನನಗೆ ತಿಳಿಯದ್ದೇ? ಮನೆಯಲ್ಲಾಗಿದ್ದರೆ ಆರು ಗಂಟೆಗೇ ಅವರಿಗೆ ಬಡಿಸಿರುತ್ತಿದ್ದೆ. ರಜೆಯಲ್ಲವೇ, ತಿಥಿಗೂ ರಜೆ ಕೊಟ್ಟಿದ್ದೆ.

ಹೊರಗೆ ಪ್ರಸನ್ನ ನಿಂತಿದ್ದರು.

"ಫಾರ್ಮಲ್ಲಿ ಏನ್ ಹಾಕಿದ್ರಿ?"

"ಖಾಲಿ ಬಿಟ್ಟೆ. ಸ್ಪೆಷಲ್ ಅದೂ ಇದೂ ಅಂತ ಕೇಳಿದ್ರೆ ಚೆನ್ನಾಗಿರಲ್ಲ ಅನ್ನಿಸ್ತು."

"ನಫೀಸಾ ಕೇಳಿದ್ದು ಚೆನ್ನಾಗಿತ್ತಲ್ಲ. ನಿಮ್ಮಮ್ಮ ಉಳಿದಿದ್ದು ಅವಳಿಂದ."

ಸಂಜೆ ನಫೀಸಾ ನನ್ನನ್ನು ಊಟದ ಹಾಲಿನ ಮುಖ್ಯಸ್ಥನ ಬಳಿ ಕರೆದೊಯ್ದಳು. ಒಂದೇ ಚೀಟಿ ಬರೆದದ್ದು. ಅರ್ಧ ಗಂಟೆಯಲ್ಲಿ ಬೇರೆ ಪಾತ್ರೆಯಲ್ಲಿ ಮಾಡಿದ ಬಿಸಿ ಅನ್ನ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ತೊವ್ವೆ, ಮೊಸರು ಬಂತು. ಅರ್ಧ ಗಂಟೆ! ಇದಕ್ಕಾಗಿ ಒಬ್ಬ ಮುದುಕಿ ಎರಡು ದಿನ ದೇವರ ಹೆಸರಲ್ಲಿ ಸುಳ್ಳು ಹೇಳಬೇಕಾಯಿತು. ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಎಣಿಸಿದೆ.

ಉಳಿದ ಬಂದರುಗಳಲ್ಲಿ ಅವರೆಲ್ಲ ಇಳಿದು ಈಜಿ ಬಂದರು, ಸಮುದ್ರ ನೀಲಿಯಾಗಿತ್ತಂತೆ. ನಾನು ಅತ್ತೆಯ ಜೊತೆ ಹಡಗಿನಲ್ಲೇ ಉಳಿದೆ.

ಅಡುಗೆ ಮಾಡುವುದು ನನ್ನ ಕೆಲಸ ಎಂದು ಅಷ್ಟು ವರ್ಷ ತಿಳಿದಿದ್ದೆ. ಅಡುಗೆ ಯಾರು ಬೇಕಾದರೂ ಮಾಡಬಹುದು, ಹಡಗಿನವರೂ ಮಾಡುತ್ತಾರೆ. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ರಜೆ ಇಲ್ಲ. ಇದ್ದರೆ, ಬೇರೊಬ್ಬರು ಅದನ್ನು ವಹಿಸಿಕೊಂಡ ಮೇಲೆ ಮಾತ್ರ.

ಬ್ರಿಸ್ಬೇನಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು, "ಇವತ್ತು ಉಪವಾಸ ಕಣೇ" ಎಂದರು. ನಾನು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಬೆರಳಿಟ್ಟು ನೋಡಿದೆ. ಏಕಾದಶಿ ನಿಜ. ಆಮೇಲೆಯೇ ಒಲೆ ಆರಿಸಿದೆ.