ಆಪಾ ತಂದ ಸ್ಟೂಲು

ನಮ್ಮ ಅಂಗಡಿಯ ಸಮವಸ್ತ್ರವೆಂದರೆ ಕಪ್ಪು ಪ್ಯಾಂಟು, ಕೆಂಪು ಟೀ ಶರ್ಟು. ಆಪಾ ಅವರ ಪ್ಯಾಂಟು ಮಾತ್ರ ಬಲಮೊಣಕಾಲಿನ ಮೇಲೆ ಅಂಗೈಯಗಲ ಬೂದಿ ಬಣ್ಣಕ್ಕೆ ತಿರುಗಿತ್ತು. ದಿನವಿಡೀ ಗಿರಾಕಿಗಳ ಮುಂದೆ ಅದೇ ಮೊಣಕಾಲೂರಿ ಶೂ ತೊಡಿಸಿ ತೊಡಿಸಿ ಬಟ್ಟೆ ಅಲ್ಲಿ ಜಾಳಾಗಿತ್ತು. ಏಳುವಾಗ ಬೆಂಚಿನ ಅಂಚು ಹಿಡಿದು, ಕಣ್ಣು ಮುಚ್ಚಿ, ಒಂದು ಉಸಿರು ಬಿಟ್ಟು ಏಳುತ್ತಿದ್ದರು. ಆಮೇಲೆ ನಗುತ್ತ ಮುಂದಿನ ಗಿರಾಕಿಗೆ, "ಬರ್ರಿ, ಕೂಡ್ರಿ" ಎನ್ನುತ್ತಿದ್ದರು.

ದಾವಣಗೆರೆಯ ಮಾಲ್‌ನ ಮೊದಲ ಮಹಡಿಯಲ್ಲಿ ನಮ್ಮ ಶೂ ಅಂಗಡಿ. ನಾನು ಬಿ.ಕಾಂ. ಮುಗಿಸಿ, ಸಂಕ್ರಾಂತಿ ಕಳೆದ ಸೋಮವಾರ ಅಲ್ಲಿ ಸೇರಿದೆ. ಆಪಾ ಹರಿಹರದವರು. ಅಲ್ಲಿನ ಬಜಾರಿನ ಚಪ್ಪಲಿ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ದುಡಿದು, ಅದು ಮುಚ್ಚಿದ ಮೇಲೆ ಮಾಲ್‌ಗೆ ಬಂದಿದ್ದರು. ನಮಗೆಲ್ಲ ತಾಯಿಯ ವಯಸ್ಸು. ಆದರೂ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು.

ದಿನಕ್ಕೆ ಎಷ್ಟು ಜೊತೆ ತೋರಿಸಿದೆ, ಎಷ್ಟು ಮಾರಿದೆ ಎಂದು ಮನೆಗೆ ಹೋಗಿ ತಾರೀಖಿನ ಸಮೇತ ಬರೆದಿಡುವುದು ನನ್ನ ಅಭ್ಯಾಸ. ಮೊದಲ ವಾರದ ಪುಟಗಳಲ್ಲಿ ಎರಡನೆಯ ಅಂಕಿ ಹೆಚ್ಚುಕಡಿಮೆ ಸೊನ್ನೆಯೇ. ಹಲವರು ಸುಮ್ಮನೆ ಮಾಲ್ ಸುತ್ತಲು ಬಂದವರು. ಕೆಲವರು ಶೂ ತೊಟ್ಟು ನೋಡಿ, ಅದರ ಫೋಟೊ ತೆಗೆದು, ಆನ್‌ಲೈನ್‌ನಲ್ಲಿ ಕೊಳ್ಳುವವರು. ನಮ್ಮೂರು ಕೊಂಡಜ್ಜಿಯಲ್ಲಿ ಅಮ್ಮನದು ಬೇರೆಯೇ ರಾಗ: "ಡಿಗ್ರಿ ಓದಿ ಮಂದಿ ಕಾಲು ಹಿಡಿಯೋ ಕೆಲ್ಸಕ್ಕ ಹೋಗಿಯಲ್ಲೇ!"

ಅಮ್ಮನ ಮಾತನ್ನು ನಾನು ಹೇಳಿದಾಗ ಆಪಾ ಶೂ ಒಳಗಿನ ಕಾಗದದ ಉಂಡೆ ಹೊರತೆಗೆಯುತ್ತಿದ್ದರು. ತಲೆ ಎತ್ತದೆಯೇ, "ಕಾಲು ಹಿಡಿಯೋದು ಬ್ಯಾರೆ, ಕಾಲಿಗೆ ಹಾಕೋದು ಬ್ಯಾರೆ ಅಂತ ನಿಮ್ಮವ್ವಗ ಹೇಳು" ಎಂದರು. "ನೀನು ಗಿರಾಕಿ ಮುಖ ನೋಡ್ತಿ ತಂಗಿ, ಅದಕ್ಕೇ ಶೂ ಖರ್ಚಾಗವಲ್ದು. ಮುಖ ನಾಚ್ಕೆಂಡು 'ಆರಾಮೈತೆ' ಅಂತದೆ. ಬೆರಳು ನೋಡು. ಶೂ ಬಿಗಿಯಾದ್ರೆ ಒಳಗ ಮುದುರ್ಕೆಂತವೆ."

ಅಂಗಡಿಯಲ್ಲಿ ಬೆಂಚುಗಳಿದ್ದವು, ಅವು ಗಿರಾಕಿಗಳಿಗೆ ಮಾತ್ರ. ಸಿಬ್ಬಂದಿ ಕೂಡುವಂತಿಲ್ಲ ಎನ್ನುವುದು ಕಂಪನಿಯ ನಿಯಮ. ಶಟರ್ ಎತ್ತಿದಾಗಿನಿಂದ ಇಳಿಸುವವರೆಗೆ ನಿಂತಿರಬೇಕು, ಇಲ್ಲವೇ ಮೊಣಕಾಲೂರಬೇಕು. ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ಕಾಲೇ ನನ್ನ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಆಪಾ ಇದರ ಮೇಲೆ ರಂಜಾನ್ ಉಪವಾಸವನ್ನೂ ಮಾಡುತ್ತಿದ್ದರು. ಸಂಜೆ ಸ್ಟಾಕ್ ರೂಮಿನ ಡಬ್ಬಿಗಳ ನಡುವೆ ನಿಂತೇ ಖರ್ಜೂರ ಬಾಯಿಗೆ ಹಾಕಿಕೊಂಡು, ನನ್ನ ಕೈಗೂ ಒಂದನ್ನು ತುರುಕಿ, ಮತ್ತೆ ಹೊರಗೆ ಬರುತ್ತಿದ್ದರು.

ಆ ತಿಂಗಳಲ್ಲೇ ಆಪಾ ಅವರನ್ನು ಮ್ಯಾನೇಜರ್ ಒಳಗೆ ಕರೆದರು. ಕೆಟ್ಟವರಲ್ಲ, ಮೇಲಿನವರಿಗೆ ಹೆದರುವ ಚಿಕ್ಕ ವಯಸ್ಸಿನವರು.

"ಆಪಾ, ನೀವು ಏಳೋಕೆ ಕಷ್ಟ ಪಡೋದು ಗಿರಾಕಿಗಳಿಗೆ ಕಾಣುತ್ತೆ. ಹಬ್ಬ ಆದ್ಮೇಲೆ ಸ್ಟಾಕ್ ರೂಮ್ ನೋಡ್ಕೊಳ್ಳಿ."

"ಅಲ್ಲಿ ಏಣಿ ಐತಲ್ರಿ ಸರ್. ಊರಾಕ ಬರದ ಮೊಣಕಾಲು ಏಣಿ ಹತ್ತಾಕ ಬರ್ತದಾ?"

"ಆಗಲ್ಲ ಅಂದ್ರೆ... ನೀವೇ ಯೋಚನೆ ಮಾಡಿ."

ಯೋಚಿಸುವುದೇನಿತ್ತು? ಕೆಲಸ ಬಿಡಿ ಎಂದಂತೆಯೇ. ಆಪಾ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತು ಲೇಸು ಪೋಣಿಸತೊಡಗಿದರು.

"ಕೆಲ್ಸ ಬರಲ್ಲ ಅಂತ ತೆಗೀಲಿ, ಹೋಗ್ತೀನಿ. ಮೊಣಕಾಲು ಬಗ್ಗಲ್ಲ ಅಂದ್ರೆ ಯಾಕ ಹೋಗ್ಲಿ? ನಾನು ಗಿರಾಕಿಗೆ ಶೂ ಹಾಕೋದು ಕೈಯಿಂದ."

ಹಬ್ಬಕ್ಕೆ ಮುಂಚಿನ ಭಾನುವಾರ. ಲೋಕಿಕೆರೆಯಿಂದ ಒಬ್ಬ ಹಿರಿಯ ರೈತರು ಹೆಂಡತಿ, ಮಗಳೊಂದಿಗೆ ಬಂದರು. ಮಗಳ ಮದುವೆ, ಅಪ್ಪ ಬೂಟು ಹಾಕಲೇಬೇಕೆಂದು ಅವಳ ಹಠ. ಹಳ್ಳಿಯ ಎಷ್ಟೋ ಜನ ನಮ್ಮ ಹೊಳೆಯುವ ನೆಲ ನೋಡಿ ಚಪ್ಪಲಿಯನ್ನು ಗಾಜಿನ ಬಾಗಿಲ ಆಚೆಗೇ ಬಿಡುತ್ತಾರೆ. ಇವರೂ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಆಪಾ ಎಂದಿನಂತೆ ಹೋಗಿ ಆ ಚಪ್ಪಲಿಗಳನ್ನು ಕೈಯಲ್ಲಿ ತಂದು ಬೆಂಚಿನ ಕೆಳಗಿಟ್ಟು, ಮೊಣಕಾಲೂರಿದರು. ರೈತರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಏಳ್ರಿ ಅಕ್ಕಾರೆ! ನನ್ನ ಎಕ್ಕಡ ಬ್ಯಾರೆ ಎತ್ತಿರಿ. ಕಾಲು ಮುಟ್ಟಿ ಪಾಪ ಹಚ್ಚಬ್ಯಾಡ್ರಿ."

"ಕಾಲು ಮುಟ್ಟಲ್ರಿ ಅಣ್ಣಾರೆ, ಅಳತೆ ನೋಡ್ತೀನಿ. ಪಾಪ ಬಂದ್ರೆ ಕಂಪನಿ ನೋಡ್ಕೆಂತದೆ."

ಅವರು ನಕ್ಕರು, ಆದರೆ ಕಾಲು ಕೊಡಲಿಲ್ಲ. ಬೆಂಚಿನಿಂದ ಜಾರಿ ಆಪಾ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಹೆಂಡತಿಯೂ ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಕೂತರು. ಒಳಬರುವವರ ದಾರಿ ಕಟ್ಟಿತು.

"ಅಪ್ಪಾ, ಮರ್ಯಾದಿ ತೆಗೀತಿಯ, ಮ್ಯಾಲೆ ಕೂಡು!" ಮಗಳು ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಮರ್ಯಾದಿಗೇ ಕುಂತೀನವ್ವಾ."

ಮ್ಯಾನೇಜರ್ ಓಡಿಬಂದರು. "ಸರ್, ಪ್ಲೀಸ್, ಬೆಂಚ್ ಮೇಲೆ ಕೂತ್ಕೊಳ್ಳಿ."

"ಅಕ್ಕಾರು ಕೂಡ್ಲಿ, ಕೂಡ್ತೀನಿ."

"ಅವರು ಕೂರೋ ಹಾಗಿಲ್ಲ ಸರ್. ರೂಲ್ಸ್."

"ಹಂಗಾರ ನಾನೂ ಕೂಡೋ ಹಂಗಿಲ್ಲ. ನಮ್ಮೂರ ರೂಲ್ಸ್."

ಹಬ್ಬದ ಗಿರಾಕಿಗಳೆಲ್ಲ ನಕ್ಕರು. ಮ್ಯಾನೇಜರ್ ಆಪಾ ಅವರಿಗೆ ಬೆಂಚಿನ ಕಡೆ ಕೈ ತೋರಿಸಿದರು. ಆಪಾ ಮೊದಲ ಸಲ ಅದರ ಮೇಲೆ ಕೂತರು, ರೈತರೂ ಎದ್ದು ಎದುರಿನ ಬೆಂಚಿಗೆ ಬಂದರು. ಗದ್ದೆಯ ಕೆಸರಲ್ಲಿ ಅಗಲವಾದ ಆ ಪಾದಕ್ಕೆ ಹೊಂದುವ ಜೊತೆ ಸಿಗಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಆಪಾ ಕೂತೇ ಇದ್ದರು.

ಮರುದಿನ ಆಪಾ ಹರಿಹರದ ಬಸ್ಸಿನಿಂದ ಇಳಿದಾಗ ಕಂಕುಳಲ್ಲಿ ಒಂದು ಚೀಲ. ಒಳಗೆ ಮನೆಯ ಕುಳ್ಳ ಮರದ ಸ್ಟೂಲು. ಅದನ್ನು ಬೆಂಚಿನ ಮುಂದಿಟ್ಟು, ಒರೆಸಿ, ಕೂತರು.

"ಆಪಾ, ನಿನ್ನೆ ಆಗಿದ್ದು ಆಯ್ತು," ಎಂದರು ಮ್ಯಾನೇಜರ್.

"ನಿನ್ನೆ ಗಿರಾಕಿ ಹಠ ಹಿಡಿದ್ರು ಸರ್. ಇವತ್ತು ನಾನು ಹಿಡೀತೀನಿ. ಸುಮ್ನೆ ಕೂಡಲ್ಲ, ಶೂ ಹಾಕಾಕ ಕೂಡ್ತೀನಿ. ಕೆಲ್ಸ ಕಮ್ಮಿಯಾದ್ರೆ ನೀವು ಹೇಳೋದೇ ಬ್ಯಾಡ, ನಾನೇ ಹೋಗ್ತೀನಿ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಅದನ್ನ ಎತ್ತಿ ಒಳಗಿಡು."

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಪಾ ನನ್ನ ಮುಖ ನೋಡಲಿಲ್ಲ. ಬೇಕೆಂತಲೇ ನೋಡಲಿಲ್ಲ ಎಂದು ನನಗೆ ಗೊತ್ತು. ಆ ಹೊತ್ತಿಗೆ ಒಬ್ಬ ತಾಯಿ ಮಗುವಿನೊಂದಿಗೆ ಬೆಂಚಿಗೆ ಬಂದರು.

"ಗಿರಾಕಿ ಇದಾರೆ ಸರ್," ಎಂದೆ. ಸ್ಟೂಲು ಎತ್ತಲಿಲ್ಲ.

ಮ್ಯಾನೇಜರ್ ಸ್ಟೂಲಿನ ಫೋಟೊ ತೆಗೆದು ಹೆಡ್ ಆಫೀಸಿಗೆ ಕಳಿಸಿದರು. ಉತ್ತರ ಬರುವವರೆಗೆ ಇರಲಿ ಎಂದರು. ಹಬ್ಬ ಮುಗಿಯಿತು, ಉತ್ತರ ಬರಲಿಲ್ಲ. ಸ್ಟಾಕ್ ರೂಮಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಒಬ್ಬೊಬ್ಬರಾಗಿ ನಾವೆಲ್ಲ ಹುಡುಗಿಯರೂ ಸರದಿಯಲ್ಲಿ ಆ ಸ್ಟೂಲಿನ ಮೇಲೆ ಕೂತು ಶೂ ತೊಡಿಸತೊಡಗಿದೆವು. ಆಪಾ, "ನಿಧಾನ್ರೇ, ನಮ್ಮತ್ತೆ ಕಾಲದ್ದು, ಮುರಿದೀರಿ!" ಎಂದು ಗದರುತ್ತಿದ್ದರು.

ಅವರು ಕೆಲಸ ಬಿಟ್ಟದ್ದು ಬಹಳ ಆಮೇಲೆ, ತಾವೇ ಗೊತ್ತು ಮಾಡಿದ ದಿನ, ಸ್ಟೂಲನ್ನು ನಮಗೇ ಬಿಟ್ಟು. ಈಗ ಹರಿಹರದಲ್ಲಿ ಮಗಳ ಮನೆಯಲ್ಲಿದ್ದಾರೆ. ರಜೆಯ ದಿನ ಹೋದರೆ ಮೊದಲು ಕೇಳುವುದು ನನ್ನ ಸುದ್ದಿಯಲ್ಲ, ಯಾವ ಮಾಡೆಲ್ ಓಡುತ್ತಿದೆ ಎಂದು. ಡಿಗ್ರಿ ಕಲಿಸದ ಒಂದನ್ನು ನಾನು ಅವರಿಂದ ಕಲಿತೆ: ಕೆಲಸವನ್ನು ಚೆನ್ನಾಗಿ ಮಾಡಲು ಏನು ಬೇಕೋ ಅದನ್ನು ದನಿ ಏರಿಸದೆ ಕೇಳುವುದು, ಕೇಳಿದ ಮೇಲೆ ಹಿಂದೆ ಸರಿಯದಿರುವುದು.

ಹೋದ ತಿಂಗಳು ಹೊಸ ಮ್ಯಾನೇಜರ್ ಬಂದರು. ಅಂಗಡಿಯನ್ನೆಲ್ಲ ಸುತ್ತಿ, ಸ್ಟೂಲಿನ ಮುಂದೆ ನಿಂತು, "ಇದ್ಯಾರದ್ದು? ತೆಗೆಸಿ ಇದನ್ನ" ಎಂದರು.

"ನಮ್ದು ಸರ್. ಇಲ್ಲೇ ಇರ್ತದೆ," ಎಂದೆ. ಬೆಂಚಿನ ಮೇಲೆ ಒಬ್ಬ ಅಜ್ಜಿ ಕಾಯುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಅವರ ಬಲಗಾಲನ್ನು ಕೈಗೆ ತೆಗೆದುಕೊಂಡೆ.