ಶಶಿರೇಖಾ ಕೈಯಾಡಿಸುವ ಹಗ್ಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಭೀಮನಬೀಡಿನ ಆಚೆ, ಕೆಲಸ ನಿಂತುಹೋದ ಕರಿಕಲ್ಲಿನ ಕ್ವಾರಿಯ ಅಂಚಿನಲ್ಲಿ ಒಂದು ಪಿಕಪ್ ವ್ಯಾನು ನಿಂತಿದೆ. ನಿಂತಿದೆ ಅನ್ನುವುದೂ ತಪ್ಪೇ. ಮುಂದಿನ ಎರಡು ಚಕ್ರಗಳು ಗಾಳಿಯಲ್ಲಿವೆ, ಹೊಟ್ಟೆ ಅಂಚಿನ ಮೇಲೆ ಕೂತಿದೆ, ಹಿಂದಿನ ಚಕ್ರಗಳು ಮಾತ್ರ ನೆಲದ ಮೇಲಿವೆ. ಕೆಳಗಿನ ಹಳ್ಳದಲ್ಲಿ ಮಳೆನೀರು ಎಷ್ಟು ಆಳವಿದೆಯೆಂದು ಊರಿನವರಿಗೂ ಗೊತ್ತಿಲ್ಲ. ಡ್ರೈವರ್ ಸಾಗರ್ ಒಳಗೇ ಇದ್ದಾನೆ. ಬಾಗಿಲು ತೆರೆದರೆ ಕಾಲಿಡಲು ನೆಲವಿಲ್ಲ. ಮೈ ಅಲುಗಿಸಿದರೆ ವ್ಯಾನು ತೂಗುತ್ತದೆ.

ರಾತ್ರಿಯೆಲ್ಲ ಮುಚ್ಚಿರುವ ಬಂಡೀಪುರ ಕಾಡಿನ ಗೇಟು ತೆಗೆಯುವ ಹೊತ್ತಿಗೆ ಸಾಲಿನ ಮುಂದಿರಬೇಕೆಂದು ಎಲೆಕೋಸು ತುಂಬಿಕೊಂಡು ಒಳದಾರಿ ಹಿಡಿದವನು ಇವನು. ರಾತ್ರಿಯೆಲ್ಲ ಹನಿದ ಮಳೆಗೆ ತಿರುವಿನಲ್ಲಿ ಮಣ್ಣು ಜಾರಿದೆ.

ತೆರಕಣಾಂಬಿಯಿಂದ ಜೀಪು ಬಂದು ನಿಲ್ಲುತ್ತದೆ. ಅದರ ಮೂತಿಗೆ ವಿಂಚ್ ಕೂರಿಸಿದೆ. ಮೋಟಾರು ತಿರುಗಿದಂತೆ ಹಗ್ಗವನ್ನು ಉರುಳೆಗೆ ಸುತ್ತಿಕೊಂಡು ಎಂಥ ಗಾಡಿಯನ್ನಾದರೂ ಎಳೆಯುವ ಯಂತ್ರ ಅದು. ಬಾಗಿಲ ಮೇಲೆ 'ಚಿಕ್ಕಣ್ಣ ರಿಕವರಿ' ಎಂದು ಬರೆದಿದೆ. ಕೆರೆಯಲ್ಲಿ ಹೂತ ಟ್ರ್ಯಾಕ್ಟರು, ಗದ್ದೆಗೆ ಉರುಳಿದ ಲಾರಿ, ಏನೇ ಇರಲಿ ಸುತ್ತಿನವರ ಬಾಯಲ್ಲಿ ಮೊದಲು ಬರುವುದು ವಿಂಚ್ ಚಿಕ್ಕಣ್ಣನ ಹೆಸರು. ನಾನೂ ಅವರ ಬಗ್ಗೆ ಬರೆಯಲೆಂದೇ ನಿನ್ನೆ ಬಂದು ಅವರ ಮನೆಯಲ್ಲಿ ತಂಗಿದ್ದೆ, ಈಗ ಅವರ ಜೀಪಿನಲ್ಲೇ ಬಂದಿದ್ದೇನೆ. ಚಿಕ್ಕಣ್ಣ ಕೊಂಚ ಕುಂಟುತ್ತಾ ಇಳಿಯುತ್ತಾರೆ. ಆ ಕಡೆಯ ಬಾಗಿಲಿನಿಂದ ಅವರ ಹೆಂಡತಿ ಶಶಿರೇಖಾ ಸೆರಗು ಸಿಕ್ಕಿಸಿಕೊಂಡು ಇಳಿಯುತ್ತಾರೆ. ಇಳಿದದ್ದೇ ತಡ, ಕೂಗುತ್ತಾರೆ.

"ಯಾರ್ಲಾ ಅದು ಲೋಡ್ ಇಳುಸ್ತಿರೋದು? ಮುಟ್ಬ್ಯಾಡಿ!"

ಈ ಕಡೆಯ ಊರುಗಳಲ್ಲಿ ಒಂದು ಗಾಡಿ ಸಿಕ್ಕಿಹಾಕಿಕೊಂಡರೆ ಯಾರೂ ಕೈಕಟ್ಟಿ ನಿಲ್ಲುವುದಿಲ್ಲ. ಇಂದೂ ಹಾಗೆಯೇ ಆಗಿದೆ. ಎಲೆಕೋಸು ಬೆಳೆದ ಜಮೀನಿನ ಯಜಮಾನರು ನೀಲಕಂಠಸ್ವಾಮಿ. ಭಾರ ಕಮ್ಮಿಯಾದರೆ ಹುಡುಗ ಉಳಿದಾನೆಂದು ಆಳುಗಳನ್ನು ಕರೆತಂದು ಹಿಂದಿನಿಂದ ಕ್ರೇಟು ಇಳಿಸುತ್ತಿದ್ದಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ.

"ಅಣ್ಣೋರೆ, ಇಂದ್ಗಡೆ ಲೋಡೇ ಅವ್ನ ಇಡ್ಕಂಡಿರೋದು," ಎನ್ನುತ್ತಾರೆ ಶಶಿರೇಖಾ. "ಅದು ಇಳುದ್ರೆ ಮೂತಿ ಕೆಳಕ್ ಓಯ್ತದೆ."

ನೀಲಕಂಠಸ್ವಾಮಿಯವರ ಕೈಯಲ್ಲಿದ್ದ ಕ್ರೇಟು ಅಲ್ಲೇ ನಿಲ್ಲುತ್ತದೆ. ಅಂಚಿನಿಂದ ಹಿಡಿಯಷ್ಟು ಮಣ್ಣು ಕಳಚಿ ಬೀಳುತ್ತದೆ. ನೀರಿಗೆ ಬಿದ್ದ ಸದ್ದು ಕೇಳಲು ಬಹಳ ಹೊತ್ತು ಹಿಡಿಯುತ್ತದೆ.

ಚಿಕ್ಕಣ್ಣ ಜೀಪಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಅಗಲವಾದ ಪಟ್ಟಿಯಿಂದ ಹುಣಸೆಮರಕ್ಕೆ ಬಿಗಿಯುತ್ತಾರೆ. ಮರಕ್ಕೆ ನೇರವಾಗಿ ಹಗ್ಗ ಸುತ್ತಿದರೆ ಮರದ ತೊಗಟೆಯೂ ಹೋಗುತ್ತದೆ, ಹಗ್ಗವೂ ಹೋಗುತ್ತದೆ. ಶಶಿರೇಖಾ ವಿಂಚಿನ ಹಗ್ಗ ಬಿಚ್ಚಿ ಎಳೆಯುತ್ತಾರೆ. ಉಕ್ಕಿನ ವೈರಲ್ಲ ಇದು, ಪ್ಲಾಸ್ಟಿಕ್ ಎಳೆಗಳನ್ನು ನೂಲಿನಂತೆ ಹೆಣೆದ ನೀಲಿ ಹಗ್ಗ. ಅವರ ಕಣ್ಣು ಸಾಗರನ ಮೇಲಿದೆ, ಬೆರಳುಗಳು ಹಗ್ಗದ ಮೇಲೆ ಸರಿಯುತ್ತಿವೆ. ಕೊಕ್ಕೆಯಿಂದ ಒಂದು ಮಾರು ದೂರದಲ್ಲಿ ಬೆರಳು ನಿಲ್ಲುತ್ತದೆ.

"ಸುಟ್ಟದೆ," ಎನ್ನುತ್ತಾರೆ ಮೆಲ್ಲಗೆ.

ನಾನು ಬಗ್ಗಿ ನೋಡುತ್ತೇನೆ. ನನಗೇನೂ ಕಾಣಿಸುವುದಿಲ್ಲ. ಮುಟ್ಟಿದರೆ ಅಂಗುಲದಷ್ಟು ಜಾಗ ಗಡಸಾಗಿದೆ, ಒಣಗಿದ ಗೋಂದಿನ ಹಾಗೆ. ನಿನ್ನೆ ಸಂಜೆ ಕೆರೆಯಂಗಳದಲ್ಲಿ ಟ್ರ್ಯಾಕ್ಟರ್ ಎಳೆಯುವಾಗ ಹಗ್ಗ ಬಂಡೆಗೆ ಉಜ್ಜಿ ಬಿಸಿಯಾಗಿ ಎಳೆಗಳು ಕರಗಿ ಅಂಟಿಕೊಂಡಿವೆ. ನಿನ್ನೆ ಶಶಿರೇಖಾ ನೆಂಟರ ಮನೆಗೆಂದು ಗುಂಡ್ಲುಪೇಟೆಗೆ ಹೋಗಿ ರಾತ್ರಿ ಊಟದ ಹೊತ್ತಿಗಷ್ಟೇ ಮರಳಿದ್ದರು. ಚಿಕ್ಕಣ್ಣ ಒಬ್ಬರೇ ಹಗ್ಗ ಸುತ್ತಿ ಮನೆಗೆ ಬಂದಿದ್ದರು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಬೈಯುವುದಕ್ಕೂ ಈಗ ಹೊತ್ತಿಲ್ಲ.

"ಅಗ್ಗ ಬುಡು ಶಶಿ. ಇಂದ್ಗಡೆ ಅಳೇ ವೈರ್ ಅದೆ, ಅದ್ನೇ ಹಾಕನ," ಎನ್ನುತ್ತಾರೆ ಚಿಕ್ಕಣ್ಣ.

"ಆ ವೈರ್ ನಿಮ್ ಕಾಲ್ನ ತಿಂದಿದ್ದು ಸಾಲ್ದಾ? ಸುಟ್ಟಿರೋದ್ನ ಕುಯ್ದು ಇದ್ನೇ ಎಣಿತೀನಿ."

ಜನ ಗುಲ್ಲೆಬ್ಬಿಸುತ್ತಾರೆ. ಹುಡುಗ ಅಲ್ಲಿ ಜೀವ ಹಿಡಿದುಕೊಂಡು ಕೂತಿದ್ದಾನೆ, ಈಯಮ್ಮ ಹೆಣಿಗೆ ಹಾಕುತ್ತಾಳಂತೆ ಎಂದು ಯಾರೋ ಹಲ್ಲು ಕಡಿಯುತ್ತಾರೆ. ನನಗೂ ಒಳಗೊಳಗೇ ಹಾಗೆ ಅನ್ನಿಸುತ್ತದೆ. ಶಶಿರೇಖಾ ತಲೆ ಎತ್ತುವುದಿಲ್ಲ. ಕುಡುಗೋಲಿನಿಂದ ಹಗ್ಗ ಕೊಯ್ದು ನೆಲದ ಮೇಲೆ ಚಕ್ಕಂಬಕ್ಕಲು ಹಾಕಿ ಕೂರುತ್ತಾರೆ.

"ಕೈ ಕಟ್ಕಂಡು ಬೈಬ್ಯಾಡಿ, ಕೆಲ್ಸ ಕೊಡ್ತೀನಿ. ಕ್ವಾರಿ ಕಲ್ಲು ಬಿದ್ದವಲ್ಲ, ಒತ್ಕಂಡ್ ಬಂದು ವ್ಯಾನ್ ಇಂದ್ಗಡೆ ಲೋಡ್ ಜೊತ್ಗೆ ಇಡಿ. ಮೆತ್ಗೆ ಇಡಿ, ಎಸೀಬ್ಯಾಡಿ. ಕ್ರೇಟ್‌ನೂ ವಾಪಸ್ ಇಡಿ. ಗಾಡಿ ಮೇಲೆ ಯಾರೂ ಅತ್ಬ್ಯಾಡಿ."

ಮೊದಲ ಕಲ್ಲು ಹೊತ್ತವರು ನೀಲಕಂಠಸ್ವಾಮಿಯವರೇ. ಬಿಳಿ ಅಂಗಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಆಮೇಲೆ ಉಳಿದವರೂ ಕಲ್ಲಿಗೆ ಕೈ ಹಾಕುತ್ತಾರೆ.

ಶಶಿರೇಖಾ ಹುಟ್ಟಿದ್ದು ಚಾಮರಾಜನಗರದ ಬದಿಯ ಹಳ್ಳಿಯಲ್ಲಿ. ಮದುವೆಗೆ ಮುಂಚೆ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ. ಕುದಿನೀರಿನಲ್ಲಿ ಗೂಡು ತೇಲುತ್ತಿರುತ್ತದೆ, ಎಳೆ ಎಲ್ಲಿ ಕಡಿಯಿತೆಂದು ಹಬೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬೆರಳಿನಿಂದಲೇ ಹುಡುಕಿ ಸೇರಿಸಬೇಕು. "ಕೈ ಬೆಂದು ಸಿಪ್ಪೆ ಏಳೋದು. ಆದ್ರೂ ಕೈಗೆ ಎಲ್ಲಾ ಗೊತ್ತಾಯ್ತಿತ್ತು," ಎಂದು ನಿನ್ನೆ ರಾತ್ರಿ ಮುದ್ದೆ ಬಡಿಸುತ್ತಾ ಹೇಳಿದ್ದರು. ಆಗ ನಾನು ಅದನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ.

ಚಿಕ್ಕಣ್ಣನ ವಿಂಚಿಗೆ ಮೊದಲು ಇದ್ದದ್ದು ಉಕ್ಕಿನ ವೈರು. ಕೆರೆ ಏರಿಯ ಮೇಲೆ ಲಾರಿ ಎಳೆಯುವಾಗ ಅದು ಕಿತ್ತು ಚಾಟಿಯಂತೆ ಬೀಸಿತು. ಅವರ ಎಡಗಾಲಿನ ಮೂಳೆ ಮುರಿಯಿತು. ಹಾಸಿಗೆಯಲ್ಲಿದ್ದ ಗಂಡನನ್ನು ಬಿಟ್ಟು ಶಶಿರೇಖಾ ತಾವೇ ಮೈಸೂರಿನ ಅಂಗಡಿಗೆ ಹೋದರು. ಅಂಗಡಿಯವರು ಹೊಸ ವಿಂಚಿನ ಡಬ್ಬದ ಮೇಲೆ ಎಳೆಯುವ ಶಕ್ತಿಯೆಂದು ಬರೆದ ದೊಡ್ಡ ಸಂಖ್ಯೆ ತೋರಿಸಿದರು. ಅಷ್ಟು ಶಕ್ತಿ ಬರುವುದು ಉರುಳೆಯ ತಳದ ಸುತ್ತಿನಲ್ಲಿ ಮಾತ್ರ, ಮೇಲೆ ಸುತ್ತಿಕೊಂಡಷ್ಟೂ ಎಳೆತ ಕಮ್ಮಿ ಎಂಬುದನ್ನು ಇವರು ಗಂಡನ ಕೆಲಸದ ಪಕ್ಕ ನಿಂತು ನೋಡಿದ್ದರು. ಕೆಸರು ಕಚ್ಚಿದ ಗಾಡಿ ತನ್ನ ತೂಕಕ್ಕಿಂತ ಹೆಚ್ಚು ಭಾರವಾಗುತ್ತದೆಂಬುದನ್ನೂ. ಹಾಗಾಗಿ ಬೇಕೆಂದದ್ದಕ್ಕಿಂತ ದೊಡ್ಡ ವಿಂಚನ್ನೇ ಆರಿಸಿ, ಜೊತೆಗೆ ಎಳೆತವನ್ನು ಇಮ್ಮಡಿ ಮಾಡುವ ರಾಟೆಯೊಂದನ್ನು ಕೊಂಡರು. ಹಗ್ಗವನ್ನು ಅಂಗಡಿಯ ನೆಲದ ಮೇಲೆ ಪೂರಾ ಬಿಚ್ಚಿಸಿ ಕೈಯಾಡಿಸಿದರು. "ಮದ್ವೆ ಸೀರೆಗೂ ಇವ್ಳು ಅಷ್ಟೊತ್ತು ಕೂತಿರ್ಲಿಲ್ಲ ಕಣಿ," ಎಂದು ನಿನ್ನೆ ಚಿಕ್ಕಣ್ಣ ನಕ್ಕಿದ್ದರು. ಅಂದಿನಿಂದ ಹಗ್ಗ, ಕೊಕ್ಕೆ, ಪಟ್ಟಿ ಯಾವುದೇ ಇರಲಿ, ಜೀಪಿಗೆ ಬರಬೇಕಾದರೆ ಆಕೆಯ ಕೈ ದಾಟಿಯೇ ಬರಬೇಕು.

ಇಲ್ಲಿ ಆ ಕೈ ಈಗ ದಬ್ಬಳ ಹಿಡಿದಿದೆ. ಹಗ್ಗದ ತುದಿಯನ್ನು ಮಡಚಿ, ಅದರದೇ ಟೊಳ್ಳು ಹೊಟ್ಟೆಯೊಳಗೆ ತೂರಿಸಿ, ಮೊಳದುದ್ದ ಒಳಗೆ ಎಳೆದು ಕೊಕ್ಕೆ ಸಿಕ್ಕಿಸಲು ಕುಣಿಕೆಯಂಥ ಕಣ್ಣು ಮಾಡುತ್ತಿದ್ದಾರೆ. ಗಂಟು ಹಾಕಿದರೆ ಬೇಗ ಆಗುತ್ತದೆ, ಆದರೆ ಗಂಟಿನಲ್ಲಿ ಹಗ್ಗದ ಬಲ ಅರ್ಧಕ್ಕೆ ಇಳಿಯುತ್ತದೆ.

"ಅಕ್ಕಾ, ಆಯ್ತಾ?" ಸಾಗರನ ಧ್ವನಿ ಒಡೆದಿದೆ.

"ಆಯ್ತು ಕಣಪ್ಪ. ಸ್ಟೇರಿಂಗ್ ಬುಡ್ಬ್ಯಾಡ. ಯಾರ್ ಅವ್ರೆ ಮನೇಲಿ?"

"ಅವ್ವ."

"ಏನ್ ಮಾಡಿರ್ತಾರೆ ತಿಂಡಿಗೆ?"

"ಗೊತ್ತಿಲ್ಲ ಅಕ್ಕ." ಅವನು ಅಳುತ್ತಿದ್ದಾನೆ.

"ಓಗಿ ನೋಡುವಂತೆ ಬುಡು," ಎನ್ನುತ್ತಾ ಶಶಿರೇಖಾ ಹೊಸ ಕಣ್ಣನ್ನು ಪಾದಕ್ಕೆ ಸಿಕ್ಕಿಸಿ ಎಳೆದು ನೋಡಿ ಎದ್ದುಬಿಡುತ್ತಾರೆ.

ಚಿಕ್ಕಣ್ಣ ತೆವಳಿಕೊಂಡು ವ್ಯಾನಿನ ಹಿಂದೆ ಹೋಗುತ್ತಾರೆ. ಬಂಪರಿಗಲ್ಲ, ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಗೆ ಪಟ್ಟಿ ಹಾಕಿ ರಾಟೆ ಕಟ್ಟುತ್ತಾರೆ. ಹಗ್ಗ ರಾಟೆ ಸುತ್ತಿ ಮತ್ತೆ ಜೀಪಿಗೇ ಬರುತ್ತದೆ. ಶಶಿರೇಖಾ ಅದರ ನಡುವೆ ಒದ್ದೆ ಗೋಣಿಚೀಲ ಹೊದಿಸುತ್ತಾರೆ. ಕಿತ್ತರೂ ಹಾರದೆ ನೆಲಕ್ಕೆ ಬೀಳಲೆಂದು. ಅಷ್ಟರಲ್ಲಿ ಜನ ಅಭ್ಯಾಸಬಲದಿಂದ ಹಗ್ಗಕ್ಕೆ ಕೈ ಹಾಕಲು ಬರುತ್ತಾರೆ.

"ಕೈ ತೆಗೀರಿ! ಎಲ್ರೂ ಮರದಿಂದಾಚೆ ಓಗಿ. ಸಾ, ನೀವೂ."

ಆಕೆ ಸ್ವಿಚ್ ಒತ್ತುತ್ತಾರೆ. ಹಗ್ಗ ಬಿಗಿಯಾಗುತ್ತದೆ. ಜೀಪು ಒಮ್ಮೆ ನರಳುತ್ತದೆ. ವ್ಯಾನು ಮುಂದಕ್ಕೆ ವಾಲಿದಂತೆ ಕಂಡು ಯಾರೋ ಮಲೆ ಮಾದಪ್ಪನ ಹೆಸರು ಕೂಗುತ್ತಾರೆ. ಅಂಚಿನ ಬಂಡೆಯೊಂದು ಸಡಿಲಗೊಂಡು ಕೆಳಕ್ಕೆ ಹೋಗುತ್ತದೆ. ಶಶಿರೇಖಾ ಕೈ ತೆಗೆಯುವುದಿಲ್ಲ. ವ್ಯಾನಿನ ಹೊಟ್ಟೆ ಕಲ್ಲಿಗೆ ಕೆರೆದುಕೊಂಡು ಗೇಣು ಹಿಂದೆ ಬರುತ್ತದೆ, ಮತ್ತೊಂದು ಗೇಣು. ಮುಂದಿನ ಚಕ್ರ ಅಂಚು ಹತ್ತುತ್ತದೆ.

ಸಾಗರ್ ಬಾಗಿಲು ತೆರೆದು ಇಳಿದು ಸೀದಾ ಆಕೆಯ ಕಾಲಿಗೆ ಬೀಳಲು ಓಡಿಬರುತ್ತಾನೆ. ನಡುವೆ ಹಗ್ಗ ಇನ್ನೂ ಬಿಗಿಯಾಗಿಯೇ ಇದೆ.

"ಅಗ್ಗ ದಾಟ್ಬ್ಯಾಡ ಕಣ್ಲಾ!"

ಬೆಳಗಿನಿಂದ ಆಕೆ ಅರಚಿದ್ದರಲ್ಲಿ ಇದೇ ಜೋರು. ಅವನು ನಿಂತಲ್ಲೇ ಕುಸಿದು ಕೂರುತ್ತಾನೆ. ನೀಲಕಂಠಸ್ವಾಮಿ ಅವನ ತಲೆ ಸವರುತ್ತಾರೆ. ನನ್ನ ಕಣ್ಣಲ್ಲೂ ನೀರಿದೆ, ಮುಚ್ಚಿಡುವುದೇನು.

ಬಿಸಿಲು ಬೀಳುತ್ತದೆ. ಜನ ಬಂದು ಚಿಕ್ಕಣ್ಣನ ಕೈ ಕುಲುಕುತ್ತಾರೆ, ಫೋಟೊ ತೆಗೆಯುತ್ತಾರೆ. ಶಶಿರೇಖಾ ಹುಣಸೆಮರದ ಬುಡದಲ್ಲಿ ಬಾಟಲಿಯ ನೀರು ಕುಡಿಯುತ್ತಾ ಕೂತಿದ್ದಾರೆ. ಜೀಪಿನ ಮೇಲೆ ನಿಮ್ಮ ಹೆಸರೂ ಬರೆಸಬಾರದೇ ಎಂದು ಕೇಳುತ್ತೇನೆ.

"ಎಸ್ರು ಕಟ್ಕಂಡು ಏನ್ ಮಾಡನ ಸಾ? ಇವ್ರು ಅಗ್ಗ ಸುತ್ತಕ್ ಮುಂಚೆ ನನ್ನೊಂದ್ ಸಲ ಕೂಗ್ಲಿ. ಅಷ್ಟೇ ಸಾಕು."

ಚಿಕ್ಕಣ್ಣನ ಕಿವಿಗೆ ಇದು ಬಿದ್ದಿರಲಾರದು. ಅವರು ಜನರಿಂದ ಬಿಡಿಸಿಕೊಂಡು ಕುಂಟುತ್ತಾ ವಿಂಚಿನ ಹತ್ತಿರ ಹೋಗುತ್ತಾರೆ, ಹಗ್ಗದ ತುದಿ ಎತ್ತಿಕೊಳ್ಳುತ್ತಾರೆ, ಸ್ವಿಚ್ಚಿನ ಮೇಲೆ ಬೆರಳಿಡುತ್ತಾರೆ. ಒತ್ತದೆ ಹಾಗೇ ನಿಲ್ಲುತ್ತಾರೆ.

"ಶಶೀ, ಬಾ ಇಲ್ಲಿ. ಅಗ್ಗ ಸುತ್ತನ."